ಅತ್ತಿ ಹಣ್ಣಿನೊಳಗಿನ ಹುಳ

ಕೇಳುಗರಿಗೆ ನಮಸ್ಕಾರ. ಅತ್ತಿ ಹಣ್ಣು ಬಿಚ್ಚಿದರೆ ಬರೀ ಹುಳ ಅಂತ ಮೂಗು ಮುರಿಯುತ್ತೇವೆ, ಅಲ್ವಾ? ಆ ಹುಳ ಇಲ್ಲದಿದ್ದರೆ ಅತ್ತಿಯಲ್ಲಿ ಬೀಜವೇ ಕಟ್ಟುವುದಿಲ್ಲ.

ಅತ್ತಿ ಹೂ ಬಿಟ್ಟಿದ್ದನ್ನು ಕಂಡವರುಂಟೇ? ಹೂ ಇರುವುದು ಕಾಯಿಯ ಒಳಗೆ. ನಾವು ಕಾಯಿ ಅನ್ನುವುದು ಸಾವಿರಾರು ಪುಟ್ಟ ಹೂಗಳನ್ನು ಒಳಗೆ ತುಂಬಿಕೊಂಡ ಗುಂಡನೆಯ ಚೀಲ. ತುದಿಯಲ್ಲಿ ಒಂದು ತೂತು, ಅದಕ್ಕೂ ಪದರ ಪದರವಾಗಿ ಮುಚ್ಚಳ. ಜೇನುನೊಣಕ್ಕೆ ಅಲ್ಲಿ ಪ್ರವೇಶವಿಲ್ಲ. ನುಗ್ಗುವುದು ಸುಮಾರು 2 ಮಿಲಿಮೀಟರ್ ಉದ್ದದ ಕಣಜ, ಅದೂ ಹೆಣ್ಣು ಮಾತ್ರ.

ಇದರ ತಲೆ ಚಪ್ಪಟೆ. ಹಾಗಿದ್ದರೂ ತೂರುವಾಗ ರೆಕ್ಕೆ ಕಿತ್ತುಹೋಗುತ್ತವೆ, ಮೀಸೆ ಮುರಿಯುತ್ತವೆ. ಮತ್ತೆ ಹೊರಗೆ ಹಾರುವ ಮಾತೇ ಇಲ್ಲ. ಎದೆಯಡಿಯ ಪುಟ್ಟ ಜೇಬುಗಳಲ್ಲಿ ತಂದ ಪರಾಗವನ್ನು ಹೂಗಳಿಗೆ ಹಚ್ಚಿ, ಕೆಲವು ಹೂಗಳಲ್ಲಿ ಮೊಟ್ಟೆಯಿಟ್ಟು, ಅಲ್ಲೇ ಸಾಯುತ್ತದೆ. ಮೊಟ್ಟೆ ಬಿದ್ದ ಹೂ ಮರಿಯ ಪಾಲು, ಉಳಿದದ್ದು ಬೀಜಕ್ಕೆ.

ಮರಿಗಳಲ್ಲಿ ಮೊದಲು ಹೊರಬರುವುದು ಗಂಡು. ಅವಕ್ಕೆ ರೆಕ್ಕೆಯೇ ಇಲ್ಲ. ಹೂವಿನಿಂದ ಇನ್ನೂ ಹೊರಬರದ ಹೆಣ್ಣುಗಳನ್ನು ಕೂಡಿ, ಕಾಯಿಯ ಗೋಡೆ ಕೊರೆದು ದಾರಿ ಮಾಡಿಕೊಟ್ಟು ಸಾಯುತ್ತವೆ. ಹೆಣ್ಣುಗಳು ಪರಾಗ ತುಂಬಿಕೊಂಡು ಹಾರುತ್ತವೆ. (ಅಂಗಡಿಯ ಅಂಜೂರದ ಹಲವು ತಳಿಗಳಿಗೆ ಕಣಜವೇ ಬೇಡ. ಸಸ್ಯಾಹಾರಿಗಳು ಸುಮ್ನೆ ಗಾಬರಿಯಾಗಬೇಡಿ.)

ಇನ್ನು ಕಳ್ಳರ ಕಥೆ. ಬೇರೊಂದು ಜಾತಿಯ ಕಣಜ ಒಳಗೆ ಹೋಗುವ ಗೋಜಿಗೇ ಬೀಳುವುದಿಲ್ಲ. ಮೊಟ್ಟೆಯಿಡುವ ತನ್ನ ಉದ್ದನೆಯ ಕೊಳವೆಯಿಂದ ಕಾಯಿಯನ್ನು ಹೊರಗಿನಿಂದಲೇ ಕೊರೆದು, ಒಳಗಿನ ಮರಿಗಳ ಮೇಲೆ ಮೊಟ್ಟೆಯಿಡುತ್ತದೆ. ಕೂದಲಿಗಿಂತ ತೆಳುವಾದ ಕೊಳವೆ ಗಟ್ಟಿ ಕಾಯಿಯನ್ನು ಕೊರೆಯುವುದು ಹೇಗೆ? ಅದರ ತುದಿಯಲ್ಲಿ ಸತುವಿದೆ ಎಂದು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಸಂಶೋಧಕರು 2014ರಲ್ಲಿ ತೋರಿಸಿದರು. ಆದರೆ ಹೊರಗೆ ನಿಂತು ಕೊರೆಯಲು ಹೊತ್ತು ಹಿಡಿಯುತ್ತದೆ. ಕಾಯಿಗಳ ಮೇಲೆ ಓಡಾಡುವ ಚಗಳಿ ಇರುವೆಗೆ ಅಷ್ಟು ಸಾಕು, ಹಿಡಿದುಬಿಡುತ್ತದೆ. ಮರಕ್ಕೆ ಪುಕ್ಕಟೆ ಕಾವಲು!

ಪರಾಗ ಹೊತ್ತು ಹಾರಿದ ಹೆಣ್ಣಿನ ಆಯಸ್ಸು ಒಂದೆರಡು ದಿನ, ಅಷ್ಟೇ. ಅಷ್ಟರಲ್ಲಿ ವಾಸನೆ ಹಿಡಿದು ಎಳೆಗಾಯಿ ಬಿಟ್ಟ ಇನ್ನೊಂದು ಅತ್ತಿ ಮರವನ್ನು ಹುಡುಕಬೇಕು. ಎಲ್ಲ ಮರಗಳೂ ಒಟ್ಟಿಗೆ ಕಾಯಿ ಬಿಟ್ಟು ಸುಮ್ಮನಾದರೆ ಕಣಜದ ವಂಶವೇ ಮುಗಿಯಿತು. ಅದಕ್ಕೇ ಅತ್ತಿ ಮರಗಳು ವರ್ಷವಿಡೀ ಬೇರೆ ಬೇರೆ ಹೊತ್ತಿಗೆ ಕಾಯಿ ಬಿಡುತ್ತವೆ. ಕಾಡಿನಲ್ಲಿ ಬೇರೆ ಹಣ್ಣು ಸಿಗದ ತಿಂಗಳುಗಳಲ್ಲೂ ಕುಟ್ರು ಹಕ್ಕಿಗೆ, ಬಾವಲಿಗೆ, ಕೋತಿಗೆ ಎಲ್ಲೋ ಒಂದು ಅತ್ತಿ ಹಣ್ಣಾಗಿರುತ್ತದೆ. ಅವು ತಿಂದು, ಬೀಜವನ್ನು ದೂರ ಒಯ್ದು ಹಾಕುತ್ತವೆ.