ಹಿತ್ತಲಿಗೆ ಬಂದ ಹೆಡ್ಜ್‌ಹಾಗ್‌ಗೆ ಹಾಲು ಬೇಡ

ಎಲ್ಲರಿಗೂ ನಮಸ್ಕಾರ. ಊಟಕ್ಕೆ ಮುಂಚೆ ಮಾತಾಡಲು ನಿಲ್ಲಿಸಿದ್ದೀರಿ, ಹಾಗಾಗಿ ಜಾಸ್ತಿ ಹೊತ್ತು ತೆಗೆದುಕೊಳ್ಳುವುದಿಲ್ಲ.

ಹೆಡ್ಜ್‌ಹಾಗ್ ಅಂದಕೂಡಲೇ ನಾವು ಮುಳ್ಳುಹಂದಿ ಅಂದುಬಿಡುತ್ತೇವೆ. ನಮ್ಮೂರಿನ ಮುಳ್ಳುಹಂದಿ ಬೇರೆ. ಅದು ಇಲಿ, ಅಳಿಲುಗಳ ಬಳಗದ್ದು, ಗೆಡ್ಡೆ ಅಗೆದು ತಿನ್ನುತ್ತದೆ. ಇಲ್ಲಿ ಇಂಗ್ಲೆಂಡಿನ ಹಿತ್ತಲಿಗೆ ಬರುವುದು ಸುಂಡಿಲಿಯ ನೆಂಟ. ಎರಡು ಕೈ ಬೊಗಸೆಯಲ್ಲಿ ಹಿಡಿಸುವಷ್ಟು ಗಾತ್ರ. ಜೀರುಂಡೆ, ಕಂಬಳಿಹುಳು, ಎರೆಹುಳು ಅದರ ಊಟ.

ಈ ದೇಶಕ್ಕೆ ಬಂದ ಮೊದಲ ವರ್ಷ ಒಂದು ರಾತ್ರಿ ನಮ್ಮ ಹಿಂಬಾಗಿಲ ಹತ್ತಿರ ಸರಪರ ಸದ್ದಾಯಿತು. ನೋಡಿದರೆ ಇದು. ಮನೆಗೆ ಬಂದವರನ್ನು ಸುಮ್ನೆ ಕಳಿಸುವುದು ಹೇಗೆ? ಹಾಲಿನಲ್ಲಿ ಬ್ರೆಡ್ ನೆನೆಸಿ ಇಟ್ಟೆ. ತಟ್ಟೆ ನೆಕ್ಕಿ ಹೋಯಿತು. ಮರುದಿನ ಖುಷಿಯಿಂದ ಪಕ್ಕದ ಮನೆಯ ಅಜ್ಜಿಗೆ ಹೇಳಿದೆ. ಸರಿಯಾಗಿ ಬೈಸಿಕೊಂಡೆ. ಹಾಲಿನಲ್ಲಿರುವ ಸಕ್ಕರೆ ಅದಕ್ಕೆ ಅರಗುವುದಿಲ್ಲ. ಭೇದಿಯಾಗುತ್ತದೆ, ಅದರಲ್ಲೇ ಸಾಯಲೂಬಹುದು. ಹಿಂದೆ ಇಲ್ಲಿನವರೂ ಹಾಲು, ಬ್ರೆಡ್ಡನ್ನೇ ಇಡುತ್ತಿದ್ದರಂತೆ, ಅಷ್ಟೇ ನನಗೆ ಸಮಾಧಾನ.

ಇಡುವುದಾದರೆ ಅಗಲವಾದ ತಟ್ಟೆಯಲ್ಲಿ ನೀರು ಇಡಿ. ಜೊತೆಗೆ ಬೆಕ್ಕಿಗೋ ನಾಯಿಗೋ ಹಾಕುವ ಮಾಂಸದ ಆಹಾರ. ನಮ್ಮದು ಸಸ್ಯಾಹಾರಿ ಮನೆ, ಆ ಡಬ್ಬಿ ಅಡುಗೆಮನೆಗೆ ಬರಕೂಡದು ಅಂತ ಆಜ್ಞೆಯಾಗಿದೆ. ಶೆಡ್ಡಿನಲ್ಲಿಟ್ಟಿದ್ದೇನೆ.

ಈಗ ಮುಖ್ಯ ವಿಷಯ. ರಾತ್ರಿ ಚುರುಕಾಗಿ ಓಡಾಡುತ್ತಿದ್ದರೆ ಅದನ್ನು ಮುಟ್ಟಬೇಡಿ, ಅದಕ್ಕೆ ನಮ್ಮ ಅಗತ್ಯವಿಲ್ಲ. ಹಗಲಲ್ಲಿ ಬಯಲಲ್ಲಿ ಬಿದ್ದಿದ್ದರೆ, ತೂರಾಡುತ್ತಿದ್ದರೆ, ಮೈಮೇಲೆ ನೊಣ ಕೂತಿದ್ದರೆ ಕಷ್ಟದಲ್ಲಿದೆ ಅಂತ ಅರ್ಥ. ಬೇಸಿಗೆಯಲ್ಲಿ ಬಾಯಲ್ಲಿ ಎಲೆ ಕಚ್ಚಿಕೊಂಡು ಸರಸರ ಹೋಗುವುದು ಮಾತ್ರ ಗೂಡು ಕಟ್ಟುತ್ತಿರುವ ತಾಯಿ ಇರಬಹುದು, ಬಿಟ್ಟುಬಿಡಿ.

ಕಷ್ಟದಲ್ಲಿರುವುದನ್ನು ತೋಟದ ಕೈಗವಸು ಹಾಕಿಕೊಂಡು ಎತ್ತಿ, ಆಳವಾದ ರಟ್ಟಿನ ಪೆಟ್ಟಿಗೆಯಲ್ಲಿಡಿ. ಬಿಸಿನೀರಿನ ಬ್ಯಾಗನ್ನು ಟವೆಲ್ಲಿನಲ್ಲಿ ಸುತ್ತಿ ಒಂದು ಪಕ್ಕಕ್ಕಿಡಿ. ಸೆಕೆಯಾದರೆ ಅದು ಆಚೆ ಸರಿಯಲು ಜಾಗ ಇರಲಿ. ಬ್ಯಾಗ್ ಆರಲು ಬಿಡಬೇಡಿ. ಆರಿದರೆ ಅದೇ ಮೈಯ ಶಾಖ ಎಳೆದುಕೊಳ್ಳುತ್ತದೆ. ನಮಗೆ ಕಷ್ಟವಾಗುವುದು ಇಲ್ಲೇ. ಮೊದಲು ಊಟ ಹಾಕೋಣ ಅನಿಸುತ್ತದೆ, ಅಲ್ವಾ? ಮೈ ತಣ್ಣಗಿರುವಾಗ ತಿಂದದ್ದು ಅದಕ್ಕೆ ಜೀರ್ಣವಾಗುವುದಿಲ್ಲ. ಮೊದಲು ಬಿಸಿ, ಆಮೇಲೆ ಮಿಕ್ಕಿದ್ದು. ಅಷ್ಟರಲ್ಲಿ ಹತ್ತಿರದ ಹೆಡ್ಜ್‌ಹಾಗ್ ರಕ್ಷಣಾ ಕೇಂದ್ರಕ್ಕೋ ಪಶುವೈದ್ಯರಿಗೋ ಫೋನ್ ಮಾಡಿ.

ಈಗ ಅಕ್ಟೋಬರ್. ತಡವಾಗಿ ಹುಟ್ಟಿದ ಮರಿಗಳು ಈಗಲೇ ಕಣ್ಣಿಗೆ ಬೀಳುವುದು. ನವೆಂಬರಿನ ಹೊತ್ತಿಗೆ ಮಲಗಿದರೆ ಇವು ಮತ್ತೆ ಏಳುವುದು ಮಾರ್ಚಿನ ಸುಮಾರಿಗೆ. ಅಷ್ಟು ದಿನಕ್ಕೆ ಮೈಯಲ್ಲಿರುವ ಕೊಬ್ಬೇ ಬುತ್ತಿ. ತೂಕ 450 ಗ್ರಾಮಿಗಿಂತ ಕಡಿಮೆ ಇದ್ದರೆ ಅದನ್ನೂ ಫೋನಿನಲ್ಲಿ ಹೇಳಿ. ಅಡುಗೆಮನೆಯ ತಕ್ಕಡಿ ಸಾಕು, ಆಮೇಲೆ ಚೆನ್ನಾಗಿ ತೊಳೆಯಿರಿ. ಇಲ್ಲಿನವರು ದೊಡ್ಡ ಬೆಂಕಿ ಹಚ್ಚುವ ನವೆಂಬರ್ 5ರ ಬಾನ್‌ಫೈರ್‌ಗೆ ಸೌದೆ ಪೇರಿಸುವವರು ಬೆಂಕಿ ಹಚ್ಚುವ ದಿನವೇ ಪೇರಿಸಿ. ಎಲೆ, ಕಡ್ಡಿಯ ರಾಶಿ ಹೆಡ್ಜ್‌ಹಾಗ್‌ಗೆ ಹಾಸಿಗೆ ಇದ್ದಂತೆ, ಒಳಗೆ ಮಲಗಿರಬಹುದು.

1982ರಲ್ಲಿ ಶ್ರಾಪ್‌ಶೈರ್‌ನಲ್ಲಿ ಏಡ್ರಿಯನ್ ಕೋಲ್ಸ್ ಎಂಬುವರು ಬ್ರಿಟಿಷ್ ಹೆಡ್ಜ್‌ಹಾಗ್ ಪ್ರಿಸರ್ವೇಶನ್ ಸೊಸೈಟಿ ಕಟ್ಟಿದರು. ಅದಕ್ಕೆ ಕಾರಣ ಒಂದು ಘಟನೆ. ದನಗಳನ್ನು ತಡೆಯಲು ರಸ್ತೆಗೆ ಹಾಕಿದ ಕಂಬಿಗಳ ಕೆಳಗಿನ ಗುಂಡಿಗೆ ಒಂದು ಹೆಡ್ಜ್‌ಹಾಗ್ ಬಿದ್ದಿತ್ತು. ಹತ್ತಿ ಬರಲು ಒಂದು ಇಳಿಜಾರು ಹಲಗೆ ಇದ್ದಿದ್ದರೆ ಸಾಕಿತ್ತು. ನಿಮ್ಮ ಹಿತ್ತಲಲ್ಲಿ ಕೊಳ ಇದ್ದರೆ ಅಲ್ಲೂ ಒಂದು ಹಲಗೆ ಓರೆಯಾಗಿ ಇಳಿಬಿಡಿ.

2020ರಲ್ಲಿ ಬ್ರಿಟನ್ನಿನಲ್ಲಿ ಅಳಿವಿನ ಅಪಾಯದಲ್ಲಿರುವ ಪ್ರಾಣಿಗಳ ಪಟ್ಟಿಗೆ ಹೆಡ್ಜ್‌ಹಾಗ್ ಕೂಡ ಸೇರಿತು. ಒಂದು ರಾತ್ರಿಗೆ ಕಿಲೋಮೀಟರ್‌ಗಟ್ಟಲೆ ಅಲೆಯುವ ಪ್ರಾಣಿಗೆ ನಮ್ಮ ಒಂದು ಹಿತ್ತಲು ಎಲ್ಲಿಗೆ ಸಾಕು? ಬೇಲಿಯ ಬುಡದಲ್ಲಿ 13 ಸೆಂಟಿಮೀಟರ್ ಚೌಕದ ಕಿಂಡಿ ಇದ್ದರೆ ಮನೆಯಿಂದ ಮನೆಗೆ ದಾಟುತ್ತದೆ. ಆ ಅಳತೆಗೆ ರಟ್ಟು ಕತ್ತರಿಸಿ ತಂದಿದ್ದೇನೆ, ಬಾಗಿಲ ಹತ್ತಿರದ ಮೇಜಿನ ಮೇಲಿದೆ. ಬೇಲಿಗೆ ಒತ್ತಿ ಹಿಡಿದು ಪೆನ್ಸಿಲ್ ಗುರುತು ಹಾಕಿಕೊಳ್ಳಿ. ಗರಗಸ ಎತ್ತುವ ಮೊದಲು ಆ ಬೇಲಿ ನಿಮ್ಮದೋ ಪಕ್ಕದವರದೋ ಕೇಳಿಕೊಂಡುಬಿಡಿ.