ಬಡವರ ಕೈಗೆ ವೋಟು ಬಂದಾಗ: ಲಂಡನ್ನಿನ ಪಾಪ್ಲರ್ ಕೌನ್ಸಿಲ್ ಕಥೆ

ಕೇಳುಗರೆಲ್ಲರಿಗೂ ನಮಸ್ಕಾರ. ಇವತ್ತು ನಿಮಗೆ ಪಾಪ್ಲರ್ ಅನ್ನೋ ಊರಿನ ಚುನಾವಣೆಗಳ ಕಥೆ ಹೇಳ್ತೀನಿ. ಊರು ಅಂದ್ರೆ ಲಂಡನ್ನಿನ ಪೂರ್ವ ಭಾಗ, ಥೇಮ್ಸ್ ನದಿ ದೊಡ್ಡದಾಗಿ ತಿರುವು ತಗೊಳ್ಳೋ ಜಾಗ. ಅಲ್ಲಿ 1900ರಲ್ಲಿ ಒಂದು ಕೌನ್ಸಿಲ್ ಶುರುವಾಯ್ತು, ನಮ್ಮ ನಗರಸಭೆ ಇದೆಯಲ್ಲ ಹಾಗೆ, 1965ರಲ್ಲಿ ಅದನ್ನ ಮುಚ್ಚಿದ್ರು. ಪಾಪ್ಲರ್ ಅಂದ ತಕ್ಷಣ ಓದಿದವರಿಗೆ ನೆನಪಾಗೋದು ಕೌನ್ಸಿಲರುಗಳು ಜೈಲಿಗೆ ಹೋದ ಕಥೆ, ಅದು ದೊಡ್ಡ ಕಥೆನೇ, ಇಲ್ಲ ಅನ್ನಲ್ಲ, ಆದ್ರೆ ನನಗೆ ಅದಕ್ಕಿಂತ ಮುಖ್ಯ ಅನ್ಸೋದು ಆ ಜೈಲಿಗೆ ಮೊದಲು ನಡೆದ ಒಂದು ಚುನಾವಣೆ, ಆಮೇಲೆ ನಡೆದ ಇನ್ನೊಂದು ಚುನಾವಣೆ.

ಮೊದಲು ಜಾಗ ಎಂಥದ್ದು ಅಂತ ನೋಡಿ. ಬೋ, ಬ್ರಾಮ್ಲಿ, ಪಾಪ್ಲರ್ ಅಂತ ಮೂರು ಪ್ಯಾರಿಷ್ ಸೇರಿಸಿ ಮಾಡಿದ ಕೌನ್ಸಿಲ್ ಅದು. ವೆಸ್ಟ್ ಇಂಡಿಯಾ ಡಾಕ್ಸ್, ಈಸ್ಟ್ ಇಂಡಿಯಾ ಡಾಕ್ಸ್ ಅನ್ನೋ ಎರಡು ಹಡಗುಕಟ್ಟೆನೂ ಅದರೊಳಗೇ ಇದ್ವು, ಎರಡನೇದು ನಮ್ಮ ದೇಶದ ಹೆಸರು ಹೊತ್ತದ್ದು. ಡಾಕಿನಲ್ಲಿ ಹಡಗಿನ ಸರಕು ಇಳಿಸೋ ಕೆಲಸ ಪರ್ಮನೆಂಟ್ ಅಲ್ಲ. ಬೆಳಗ್ಗೆ ಗೇಟಿನ ಮುಂದೆ ನೂರಾರು ಜನ ಗುಂಪು ಸೇರ್ತಿದ್ರು, ಫೋರ್‌ಮ್ಯಾನ್ ಬಂದು ನೀನು ಬಾ, ನೀನು ಬಾ ಅಂತ ಕೈ ತೋರ್ಸ್ತಿದ್ದ, ಉಳಿದವರು ಬರಿಗೈಲಿ ಮನೆಗೆ ವಾಪಸ್ಸು, ನಾಳೆ ಮತ್ತೆ ಅದೇ ಪಾಡು. ಹಡಗು ಬರದಿದ್ರೆ ಕೂಲಿ ಇಲ್ಲ, ಕೂಲಿ ಇಲ್ಲದಿದ್ರೆ ಒಲೆ ಉರಿಯಲ್ಲ, ಆಗ ಬಡವರ ಪರಿಹಾರ ಕೊಡೋ ಆಫೀಸಿನ ಬಾಗಿಲು ತಟ್ಟಬೇಕು.

ಇಲ್ಲೇ ಸಿಕ್ಕಿರೋದು ಸಮಸ್ಯೆ. ಆ ಪರಿಹಾರ ತಗೊಂಡವನಿಗೆ ವೋಟು ಇರ್ತಿರಲಿಲ್ಲ! ಕಾನೂನೇ ಹಾಗಿತ್ತು. ಕಷ್ಟದಲ್ಲಿ ಸರ್ಕಾರದ ಹತ್ರ ಎರಡು ಶಿಲಿಂಗ್ ಕೈಚಾಚಿದ್ರೆ ಪಟ್ಟಿಯಿಂದ ಹೆಸರು ತೆಗೀತಿದ್ರು. ಹಂಗಾಗಿ ಊರಿನ ತುಂಬ ಕೂಲಿಕಾರರಿದ್ರೂ ಕೌನ್ಸಿಲ್‌ನಲ್ಲಿ ಕೂರ್ತಿದ್ದೋರು ಹೆಚ್ಚಾಗಿ ಅಂಗಡಿ ಮಾಲೀಕರು, ವ್ಯಾಪಾರಸ್ಥರು. ವಿಲ್ ಕ್ರೂಕ್ಸ್ ಅಂತ ಒಬ್ಬರಿದ್ರು, ಮರದ ಪೀಪಾಯಿ ಮಾಡೋ ಕೆಲಸದವರು, ಚಿಕ್ಕವರಿದ್ದಾಗ ಅನಾಥರು ನಿರ್ಗತಿಕರನ್ನ ಇಡೋ ವರ್ಕ್‌ಹೌಸಿನಲ್ಲಿ ಇದ್ದು ಬಂದವರು, ಪ್ರತಿ ಭಾನುವಾರ ಡಾಕ್ ಗೇಟಿನ ಮುಂದೆ ನಿಂತು ಜನಕ್ಕೆ ಭಾಷಣ ಮಾಡ್ತಿದ್ರು, ಅವರು 1901ರಲ್ಲಿ ಪಾಪ್ಲರ್ ಮೇಯರ್ ಆದ್ರು, ಇಡೀ ಲಂಡನ್ನಿಗೆ ಮೊದಲ ಕಾರ್ಮಿಕ ಮೇಯರ್. ಆದ್ರೆ ಮೇಯರ್ ಒಬ್ಬರಾದ್ರೆ ಏನಾಗತ್ತೆ, ಕೌನ್ಸಿಲ್ಲಿನ ಬಹುಮತ ಬೇರೆಯವರ ಕೈಲಿತ್ತು. ಮೂರು ವರ್ಷಕ್ಕೊಂದು ಸಲ ಎಲ್ಲಾ ಸೀಟಿಗೂ ಒಟ್ಟಿಗೇ ಚುನಾವಣೆ, 1903, 1906, 1909, 1912, ಹೀಗೆ ನಡೀತಾ ಹೋಯ್ತು, ಲೇಬರ್, ಅಂದ್ರೆ ಕಾರ್ಮಿಕರ ಪಕ್ಷದವರು ಯಾವಾಗಲೂ ಕಡಿಮೆ ಸಂಖ್ಯೇಲೇ ಉಳಿದ್ರು. ಆಮೇಲೆ ಮಹಾಯುದ್ಧ ಬಂತು, ಚುನಾವಣೆ ನಿಂತೋಯ್ತು.

1918ರಲ್ಲಿ ಹೊಸ ಮತದಾನ ಕಾನೂನು ಬಂತು. ಶಾಲೆ ಪುಸ್ತಕದಲ್ಲಿ ನಾವು ಓದೋದು ಹೆಂಗಸರಿಗೆ ಪಾರ್ಲಿಮೆಂಟ್ ವೋಟು ಸಿಕ್ಕಿದ್ದು ಅಷ್ಟೇ, ಅದು ಸರಿ, ಆದ್ರೆ ಅದೇ ಕಾನೂನು ಪರಿಹಾರ ತಗೊಂಡವರ ಮೇಲಿದ್ದ ಆ ನಿಷೇಧಾನೂ ಕಿತ್ತುಹಾಕ್ತು, ಜೊತೆಗೆ ಮೂವತ್ತು ದಾಟಿದ ಗೃಹಿಣಿಯರಿಗೆ ಕೌನ್ಸಿಲ್ ಚುನಾವಣೆಲೂ ವೋಟು ಕೊಡ್ತು. ಮುಂದಿನ ವರ್ಷ, ಅಂದ್ರೆ 1919ರ ನವೆಂಬರ್‌ನಲ್ಲಿ ಪಾಪ್ಲರಿನಲ್ಲಿ ಎಲೆಕ್ಷನ್ ಆಯ್ತು. 42 ಸೀಟಲ್ಲಿ 39 ಲೇಬರ್‌ಗೆ. ಡಾಕ್ ಕೆಲಸದವರು, ರೈಲ್ವೆಯವರು, ಅಂಚೆಯವರು ಒಳಗೆ ಬಂದು ಕೂತ್ರು, ಜಾರ್ಜ್ ಲ್ಯಾನ್ಸ್‌ಬರಿ ಮೇಯರ್ ಆದ್ರು. ನನ್ನ ಪ್ರಕಾರ ಪಾಪ್ಲರ್ ಕಥೆ ನಿಜವಾಗಿ ಶುರುವಾಗೋದು ಇಲ್ಲಿಂದ. ಆಮೇಲೆ ಆಗಿದ್ದೆಲ್ಲ ಈ 39 ಸೀಟಿನ ಫಲ.

ಬಂದವರು ಸುಮ್ಮನೆ ಕೂರಲಿಲ್ಲ. ತಾಯಿ ಮಕ್ಕಳ ಆರೋಗ್ಯಕ್ಕೆ ಖರ್ಚು ಹೆಚ್ಚಿಸಿದ್ರು, ಕೌನ್ಸಿಲ್ ಕೆಲಸಗಾರರಿಗೆ ವಾರಕ್ಕೆ ಕನಿಷ್ಠ 4 ಪೌಂಡ್ ಸಂಬಳ ಅಂತ ಮಾಡಿದ್ರು, ಗಂಡಸಿಗೂ ಅಷ್ಟೇ ಹೆಂಗಸಿಗೂ ಅಷ್ಟೇ. 1920ರಲ್ಲಿ ಇದು! ಅಷ್ಟರಲ್ಲಿ ನಿರುದ್ಯೋಗ ಏರ್ತಾ ಹೋಯ್ತು. ಬಡವರ ಪರಿಹಾರಕ್ಕೆ ದುಡ್ಡು ಬರಬೇಕಾಗಿದ್ದು ಆಯಾ ಊರಿನ ಮನೆ ಕಂದಾಯದಿಂದಲೇ, ಅದನ್ನ ಅಲ್ಲಿ ರೇಟ್ಸ್ ಅಂತಾರೆ. ಪೌಂಡಿಗೆ ಒಂದೊಂದು ಪೆನ್ನಿ ಕಂದಾಯ ಹಾಕಿದ್ರೆ ಶ್ರೀಮಂತರ ವೆಸ್ಟ್‌ಮಿನ್ಸ್ಟರ್‌ಗೆ ಬರ್ತಿದ್ದ ದುಡ್ಡು ಪಾಪ್ಲರಿಗೆ ಬರ್ತಿದ್ದುದರ ಎಂಟೊಂಬತ್ತು ಪಟ್ಟು. ಬಡವರು ಜಾಸ್ತಿ ಇರೋ ಕಡೆ ಖರ್ಚು ಜಾಸ್ತಿ, ಆದಾಯ ಕಡಿಮೆ, ಬಡವರನ್ನ ಬಡವರೇ ಸಾಕಬೇಕು ಅನ್ನೋ ಲೆಕ್ಕ. ಇದರ ಮೇಲೆ ಇಡೀ ಲಂಡನ್ನಿನ ಕೌಂಟಿ ಕೌನ್ಸಿಲ್ಲಿಗೆ, ಪೊಲೀಸಿಗೆ, ಆಸ್ಪತ್ರೆ ಮಂಡಳಿಗೆ, ನೀರಿನ ಮಂಡಳಿಗೆ ಅಂತ ಪಾಲು ವಸೂಲಿ ಮಾಡಿ ಕಟ್ಟಬೇಕಿತ್ತು.

1921ರ ಮಾರ್ಚ್‌ನಲ್ಲಿ ಕೌನ್ಸಿಲ್ ನಿರ್ಣಯ ಮಾಡ್ತು, ನಮ್ಮೂರಿನ ಖರ್ಚಿಗೆ ಬೇಕಾದ ಕಂದಾಯ ಮಾತ್ರ ಹಾಕ್ತೀವಿ, ಹೊರಗಿನವರ ಪಾಲು ಹಾಕಲ್ಲ ಅಂತ. ವಿಷಯ ಕೋರ್ಟಿಗೆ ಹೋಯ್ತು. ಜುಲೈ 29ಕ್ಕೆ ಹೈಕೋರ್ಟಿಗೆ ಹಾಜರಾಗ್ಬೇಕು, ಇವರು ಪಾಪ್ಲರಿಂದ ಸುಮಾರು ಐದು ಮೈಲಿ ನಡ್ಕೊಂಡೇ ಹೋದ್ರು, ಮುಂದೆ ಬ್ಯಾಂಡ್, ಕೌನ್ಸಿಲ್ಲಿನ ರಾಜದಂಡ ಹಿಡಿದವರು, ಹಿಂದೆ ಸಾವಿರಾರು ಜನ, ಬ್ಯಾನರಿನಲ್ಲಿ ಪಾಪ್ಲರ್ ಕೌನ್ಸಿಲ್ ಹೈಕೋರ್ಟಿಗೆ ಹೋಗ್ತಿದೆ, ಜೈಲಿಗೂ ಹೋಗಬಹುದು ಅಂತ ಬರೆದಿತ್ತು. ಕೋರ್ಟು ಪಾಲು ಕಟ್ಟಿ ಅಂದ್ರೂ ಇವರು ಒಪ್ಪಲಿಲ್ಲ, ಸೆಪ್ಟೆಂಬರ್‌ನಲ್ಲಿ 30 ಜನ ಜೈಲಿಗೆ ಹೋದ್ರು, ಗಂಡಸರು ಬ್ರಿಕ್ಸ್‌ಟನ್‌ಗೆ, ಐದು ಹೆಂಗಸರು ಹಾಲೋವೇಗೆ, ಅದರಲ್ಲಿ ನೆಲ್ಲಿ ಕ್ರೆಸಾಲ್ ಅನ್ನೋರು ತುಂಬು ಗರ್ಭಿಣಿ. ಜೈಲಲ್ಲೂ ಕೌನ್ಸಿಲ್ ಸಭೆ ನಿಲ್ಲಲಿಲ್ಲ, ಹಾಲೋವೇಯಿಂದ ಹೆಂಗಸರನ್ನ ಗಾಡೀಲಿ ಬ್ರಿಕ್ಸ್‌ಟನ್‌ಗೆ ಕರ್ಕೊಂಡು ಬಂದು ಸಭೆ ಮಾಡೋಕೆ ಸರ್ಕಾರ ಒಪ್ಪಲೇಬೇಕಾಯ್ತು. ಪಕ್ಕದ ಸ್ಟೆಪ್ನಿ, ಬೆತ್ನಲ್ ಗ್ರೀನ್ ಕೌನ್ಸಿಲ್‌ಗಳೂ ನಾವೂ ಕಟ್ಟಲ್ಲ ಅಂತ ಮತ ಹಾಕಿದ್ವು. ಅಕ್ಟೋಬರ್ 12ಕ್ಕೆ ಕೌನ್ಸಿಲರುಗಳ ಬಿಡುಗಡೆ, ಆ ವರ್ಷವೇ ಬಡವರ ಪರಿಹಾರದ ಭಾರವನ್ನ ಶ್ರೀಮಂತ ಊರುಗಳೂ ಹಂಚ್ಕೋಬೇಕು ಅಂತ ಕಾನೂನು ಬಂತು. ಜೈಲಿಗೆ ಹೋದವರಲ್ಲಿ ಲ್ಯಾನ್ಸ್‌ಬರಿಯವರ ಸೊಸೆ ಮಿನ್ನಿ ಲ್ಯಾನ್ಸ್‌ಬರಿ ಒಬ್ಬರು, 1922ರ ಜನವರಿ 1ಕ್ಕೆ ನ್ಯುಮೋನಿಯಾ ಆಗಿ ತೀರ್ಕೊಂಡ್ರು, ಬರೀ 32 ವರ್ಷ. ಬೋ ರೋಡಿನಲ್ಲಿ ಅವರ ಹೆಸರಿನ ಗಡಿಯಾರ ಇವತ್ತಿಗೂ ಇದೆ.

ಸರಿ, ಜೈಲಿಗೆ ಹೋಗಿ ಬಂದ್ರು, ಪೇಪರುಗಳೆಲ್ಲ ಬೈದ್ವು, ಪಾಪ್ಲರಿಸಂ ಅಂತ ಬೈಗುಳನೇ ಹುಟ್ಟಿಕೊಳ್ತು, ದುಂದುಗಾರಿಕೆ ಮಾಡೋ ಕೌನ್ಸಿಲ್ ಅನ್ನೋ ಅರ್ಥದಲ್ಲಿ. ಆದ್ರೆ ಊರಿನ ಜನ ಏನಂದ್ರು? ಅದು ಗೊತ್ತಾಗಿದ್ದು 1922ರ ನವೆಂಬರ್‌ನಲ್ಲಿ. ಆ ಸಲ ಲಂಡನ್ ಪೂರ್ತಿ ಲೇಬರ್ ನೆಲಕಚ್ಚಿತು, ಗೆದ್ದಿದ್ದ ಸೀಟಲ್ಲಿ ಸುಮಾರು ಅರ್ಧ ಹೋಯ್ತು, ಕೌನ್ಸಿಲ್ ಮೇಲೆ ಕೌನ್ಸಿಲ್ ಕೈ ಜಾರಿತು. ಪಾಪ್ಲರಿನಲ್ಲಿ ವ್ಯಾಪಾರಸ್ಥರೆಲ್ಲ ಒಟ್ಟಾಗಿ ಲೇಬರ್ ವಿರುದ್ಧ ನಿಂತಿದ್ರು, ಆದರೂ ಜನ ಜೈಲಿಗೆ ಹೋದವರನ್ನೇ ಮತ್ತೆ ಗೆಲ್ಲಿಸಿದ್ರು. ಎರಡೇ ವಾರಕ್ಕೆ ಪಾರ್ಲಿಮೆಂಟ್ ಚುನಾವಣೆ, ಅದರಲ್ಲಿ ಬೋ ಮತ್ತು ಬ್ರಾಮ್ಲಿಯಿಂದ ಲ್ಯಾನ್ಸ್‌ಬರಿ, ಸೌತ್ ಪಾಪ್ಲರಿಂದ ಜೈಲಿಗೆ ಹೋದಾಗ ಮೇಯರ್ ಆಗಿದ್ದ ಸ್ಯಾಮ್ ಮಾರ್ಚ್ ಇಬ್ಬರೂ ಗೆದ್ರು. ಜೈಲಿಗೆ ಹೋಗೋದಕ್ಕೆ ಧೈರ್ಯ ಬೇಕು ನಿಜ, ಆದ್ರೆ ಹೋಗಿ ಬಂದವರಿಗೆ ಮತ್ತೆ ವೋಟು ಹಾಕೋದಕ್ಕೆ ಊರಿಗೇ ಧೈರ್ಯ ಬೇಕು, ಅದನ್ನ ಯಾರೂ ಅಷ್ಟಾಗಿ ಹೇಳಲ್ಲ ಅಂತ ನನಗೆ ಬೇಜಾರು.

ಆ 4 ಪೌಂಡ್ ಸಂಬಳದ ವಿಷಯ ಆಮೇಲೂ ಬಿಡಲಿಲ್ಲ. ಲೆಕ್ಕ ತಪಾಸಣೆಯವರು ತಕರಾರು ತೆಗೆದು ಕೌನ್ಸಿಲರುಗಳ ಕೈಯಿಂದಲೇ 5,000 ಪೌಂಡ್ ಕಟ್ಟಿಸಬೇಕು ಅಂದ್ರು, 1925ರಲ್ಲಿ ಆಗ ಅಲ್ಲಿನ ಕೊನೇ ಕೋರ್ಟಾಗಿದ್ದ ಹೌಸ್ ಆಫ್ ಲಾರ್ಡ್ಸ್ ಕೂಡ ಕೌನ್ಸಿಲ್ ವಿರುದ್ಧ ತೀರ್ಪು ಕೊಡ್ತು, ರಾಬರ್ಟ್ಸ್ ವರ್ಸಸ್ ಹಾಪ್‌ವುಡ್ ಅಂತ ಕೇಸು, ಹೆಂಗಸರಿಗೆ ಸಮಾನ ಸಂಬಳ ಕೊಟ್ಟಿದ್ದನ್ನೂ ಆ ತೀರ್ಪಿನಲ್ಲಿ ಹಗುರವಾಗಿ ಮಾತಾಡಿದ್ರು. ಜನ ಆ ವರ್ಷದ ಚುನಾವಣೇಲೂ ಅದೇ ಪಕ್ಷಕ್ಕೇ ಕೌನ್ಸಿಲ್ ಕೊಟ್ರು. ಅದೇ 1925ರಲ್ಲಿ ಲ್ಯಾನ್ಸ್‌ಬರಿ ಭಾರತಕ್ಕೆ ಸ್ವಯಮಾಡಳಿತ ಕೊಡಬೇಕು ಅನ್ನೋ ಕಾಮನ್‌ವೆಲ್ತ್ ಆಫ್ ಇಂಡಿಯಾ ಮಸೂದೇನ ಪಾರ್ಲಿಮೆಂಟಿನಲ್ಲಿ ಮಂಡಿಸಿದ್ರು, ಆನಿ ಬೆಸೆಂಟ್ ಅದರ ಹಿಂದಿದ್ದವರು.

ನಮಗೂ ಪಾಪ್ಲರಿಗೂ ಇನ್ನೂ ಹತ್ತಿರದ ನಂಟಿದೆ. 1931ರಲ್ಲಿ ದುಂಡುಮೇಜಿನ ಪರಿಷತ್ತಿಗೆ ಗಾಂಧೀಜಿ ಲಂಡನ್ನಿಗೆ ಹೋದಾಗ ಹೋಟೆಲ್ ಬೇಡ ಅಂತ ಉಳ್ಕೊಂಡಿದ್ದು ಬೋನಲ್ಲಿರೋ ಕಿಂಗ್ಸ್‌ಲಿ ಹಾಲಿನಲ್ಲಿ, ಅಂದ್ರೆ ಪಾಪ್ಲರ್ ಕೌನ್ಸಿಲ್ ವ್ಯಾಪ್ತಿಯಲ್ಲೇ. ಅದನ್ನ ನಡೆಸ್ತಿದ್ದ ಮ್ಯೂರಿಯಲ್ ಲೆಸ್ಟರ್ 1920ರ ದಶಕದಲ್ಲಿ ಪಾಪ್ಲರ್ ಕೌನ್ಸಿಲ್‌ನ ಆಲ್ಡರ್‌ಮನ್ ಆಗಿದ್ದವರು, ಆಲ್ಡರ್‌ಮನ್ ಅಂದ್ರೆ ಗೆದ್ದ ಕೌನ್ಸಿಲರುಗಳು ಆರಿಸ್ಕೊಳ್ಳೋ ಸದಸ್ಯರು. ಗಾಂಧೀಜಿ ಸೆಪ್ಟೆಂಬರ್‌ನಿಂದ ಡಿಸೆಂಬರ್‌ವರೆಗೆ ಅಲ್ಲಿದ್ರು, ಆ ನಡುವೆಯೇ ಪಾರ್ಲಿಮೆಂಟ್ ಚುನಾವಣೆ, ಅದರ ಹಿಂದೆಯೇ ಕೌನ್ಸಿಲ್ ಚುನಾವಣೆ, ಎರಡೂ ನಡೆದ್ವು. ದೇಶಾದ್ಯಂತ ಲೇಬರ್ ಕೊಚ್ಚಿಕೊಂಡು ಹೋಯ್ತು, ಹಿಂದಿನ ಲೇಬರ್ ಸಂಪುಟದಲ್ಲಿದ್ದು ಆ ಪಕ್ಷದಿಂದಲೇ ನಿಂತವರಲ್ಲಿ ಸೀಟು ಉಳಿಸ್ಕೊಂಡಿದ್ದು ಲ್ಯಾನ್ಸ್‌ಬರಿ ಒಬ್ಬರೇ, ಅದೂ ಗಾಂಧೀಜಿ ಇದ್ದ ಬೋನಿಂದಲೇ.

ಆಮೇಲಿನದು ಬೇಗ ಹೇಳ್ಬಿಡ್ತೀನಿ. ಲೇಬರ್ ಕೈಲೇ ಕೌನ್ಸಿಲ್ ಉಳೀತು, ಕೊನೇವರೆಗೂ. 1936ರಲ್ಲಿ ಲ್ಯಾನ್ಸ್‌ಬರಿ ಎರಡನೇ ಸಲ ಮೇಯರ್, ಯುದ್ಧಕಾಲದಲ್ಲಿ ಆ ಗರ್ಭಿಣಿ ಖೈದಿ ನೆಲ್ಲಿ ಕ್ರೆಸಾಲ್ ಅವರೇ ಮೇಯರ್ ಆದ್ರು, ಇದು ನನಗೆ ತುಂಬಾ ಇಷ್ಟವಾದ ಸಂಗತಿ. ಬಾಂಬಿಗೆ ಬಿದ್ದ ಬೀದಿಗಳ ಜಾಗದಲ್ಲಿ ಲ್ಯಾನ್ಸ್‌ಬರಿ ಎಸ್ಟೇಟ್ ಅಂತ ಹೊಸ ಬಡಾವಣೆ ಎದ್ದಿತು, 1951ರಲ್ಲಿ ಅದನ್ನ ನೋಡೋಕೆ ದೇಶದ ಜನ ಬಂದ್ರು. ಆದ್ರೆ ನಾಲ್ಕು ದಶಕ ಒಂದೇ ಪಕ್ಷ ಗೆಲ್ತಾ ಹೋದ್ರೆ ವೋಟು ಹಾಕೋರಿಗೂ ಹುರುಪು ಇರಲ್ಲ, ಹಾಕಿಸ್ಕೊಳ್ಳೋರಿಗೂ ಭಯ ಇರಲ್ಲ, ಅದು ಒಳ್ಳೇದಲ್ಲ ಅಂತ ನೇರವಾಗೇ ಹೇಳ್ತೀನಿ.

1962ರಲ್ಲಿ ಕೊನೇ ಚುನಾವಣೆ. 1965ರ ಏಪ್ರಿಲ್ 1ಕ್ಕೆ ಪಾಪ್ಲರನ್ನ ಸ್ಟೆಪ್ನಿ, ಬೆತ್ನಲ್ ಗ್ರೀನ್ ಜೊತೆ ಸೇರಿಸಿ ಟವರ್ ಹ್ಯಾಮ್ಲೆಟ್ಸ್ ಮಾಡಿದ್ರು, 1921ರಲ್ಲಿ ಜೊತೆ ನಿಂತಿದ್ದ ಅದೇ ಎರಡು ನೆರೆಹೊರೆ. ಹಳೇ ಪಾಪ್ಲರಿನ ಡಾಕ್‌ಗಳೂ ಮುಚ್ಚಿದ್ವು, ಕೆಲಸ ಹೋಯ್ತು, ಮನೆ ಸಿಗದ ಸಿಟ್ಟು ಬೆಳೀತು, 1993ರ ಸೆಪ್ಟೆಂಬರ್‌ನಲ್ಲಿ ಅದೇ ನೆಲದ ಮಿಲ್‌ವಾಲ್ ವಾರ್ಡಿನ ಉಪಚುನಾವಣೇಲಿ ವಲಸಿಗರ ವಿರೋಧಿ ಪಕ್ಷ ಬಿಎನ್‌ಪಿಯ ಅಭ್ಯರ್ಥಿ ಬರೀ 7 ವೋಟಿನಿಂದ ಗೆದ್ದ. ಎಂಟು ತಿಂಗಳಿಗೆ, 1994ರ ಮೇನಲ್ಲಿ ಮತ್ತೆ ಚುನಾವಣೆ ಬಂತು, ಆ ಅಭ್ಯರ್ಥಿಗೆ ಹೋದ ಸಲಕ್ಕಿಂತ ಜಾಸ್ತೀನೇ ವೋಟು ಬಿತ್ತು, ಆದರೂ ಸೋತ, ಯಾಕಂದ್ರೆ ಹಿಂದಿನ ಸಲ ಮನೇಲೇ ಉಳಿದಿದ್ದ ಜನ ಈ ಸಲ ಹೊರಗೆ ಬಂದು ವೋಟು ಹಾಕಿದ್ರು.

ಕೇಳಿದ್ದಕ್ಕೆ ಧನ್ಯವಾದ, ನಮಸ್ಕಾರ.