ಹೆಸರಿಗೆ ಮಾತ್ರ ಫ್ಲೆಮಿಷ್

ಕೇಳುಗರಿಗೆ ನಮಸ್ಕಾರ.

ಚಿಮಣಿ ಎಂದರೆ ನಮ್ಮ ಹಳ್ಳಿಗಳಲ್ಲಿ ಸೀಮೆಎಣ್ಣೆಯ ಬುಡ್ಡಿದೀಪ. ಇಂಗ್ಲಿಷಿನ ಹೊಗೆಗೂಡಿನ ಹೆಸರನ್ನು ನಾವು ದೀಪಕ್ಕಿಟ್ಟುಬಿಟ್ಟೆವು. ವೇಲ್ಸ್ ನಾಡಿನವರು ಅದೇ ಪದವನ್ನು ‘ಸಿಮ್ನೈ’ ಮಾಡಿಕೊಂಡು, ಹೊಗೆಗೂಡಿಗೇ ಉಳಿಸಿಕೊಂಡರು. ಇವತ್ತಿನ ಮಾತು ಅಲ್ಲಿನ ಒಂದು ಕಲ್ಲಿನ ಚಿಮಣಿಯದು.

ವೇಲ್ಸ್‌ನ ನೈಋತ್ಯ ಮೂಲೆಯಲ್ಲಿ ಪೆಂಬ್ರೋಕ್‌ಷೈರ್ ಇದೆ. ಅಲ್ಲಿನ ಕಡಲದಂಡೆಯ ಊರು ಟೆನ್ಬಿ. ಬಂದರಿಗೆ ಇಳಿಯುವ ಇಕ್ಕಟ್ಟಾದ ಓಣಿಯಲ್ಲಿ, 15ನೇ ಶತಮಾನದ ಕೊನೆಯಲ್ಲಿ ಕಟ್ಟಿದ ವರ್ತಕನ ಮನೆಯೊಂದು ಉಳಿದಿದೆ. ಈಗ ಅದು ಹಳೆಯ ಕಟ್ಟಡಗಳನ್ನು ಕಾಪಾಡುವ ನ್ಯಾಷನಲ್ ಟ್ರಸ್ಟ್ ಎಂಬ ಸಂಸ್ಥೆಯ ಸುಪರ್ದಿಯಲ್ಲಿದೆ. ಅದರ ಚಿಮಣಿ ಚೌಕವಲ್ಲ, ದುಂಡು. ಹತ್ತಿರದ ಸೇಂಟ್ ಫ್ಲಾರೆನ್ಸ್ ಹಳ್ಳಿಯಲ್ಲೂ ಇಂಥದ್ದೇ ಇದೆ. ಮನೆಗಿಂತ ಚಿಮಣಿಯದೇ ಗತ್ತು ಹೆಚ್ಚು.

ಜನ ಇದನ್ನು ‘ಫ್ಲೆಮಿಷ್ ಚಿಮಣಿ’ ಎನ್ನುತ್ತಾರೆ. ಫ್ಲೆಮಿಷ್ ಎಂದರೆ ಫ್ಲಾಂಡರ್ಸ್ ನಾಡಿನದು; ಈಗಿನ ಬೆಲ್ಜಿಯಂ ಕಡೆಯ ಸೀಮೆ ಅದು. 12ನೇ ಶತಮಾನದ ಆರಂಭದಲ್ಲಿ ಇಂಗ್ಲೆಂಡಿನ ದೊರೆ ಒಂದನೇ ಹೆನ್ರಿ, ಫ್ಲಾಂಡರ್ಸ್‌ನಿಂದ ಬಂದವರನ್ನು ಈ ಸೀಮೆಯಲ್ಲಿ ನೆಲೆಗೊಳಿಸಿದ್ದು ನಿಜ. ಆದರೆ ಟೆನ್ಬಿಯ ಮನೆ ಎದ್ದದ್ದು ಮುನ್ನೂರೈವತ್ತು ವರ್ಷಗಳಿಗೂ ಮಿಕ್ಕಿ ಆದ ಮೇಲೆ! ವಲಸೆ ಬಂದವರ ಮರಿಮಕ್ಕಳ ಮರಿಮಕ್ಕಳೂ ಅಷ್ಟರಲ್ಲಿ ಮಣ್ಣಾಗಿದ್ದರು. ಹೆಸರು ಯಾರೋ ಅಂದಾಜಿನಿಂದ ಇಟ್ಟದ್ದು ಎಂದೇ ನನ್ನ ಎಣಿಕೆ.

ಹಾಗಾದರೆ ದುಂಡಗೆ ಏಕೆ? ಕಲ್ಲುಕೆಲಸ ಬಲ್ಲವರನ್ನು ಕೇಳಿ. ಚೌಕ ಗೋಡೆಯ ಮೂಲೆಗೆ ಚೆನ್ನಾಗಿ ಕೆತ್ತಿದ ಕಲ್ಲು ಬೇಕು. ದುಂಡು ಗೋಡೆಗೆ ಮೂಲೆಯೇ ಇಲ್ಲ, ಕೈಗೆ ಸಿಕ್ಕ ಒರಟು ಕಲ್ಲನ್ನೇ ಸುತ್ತ ಪೇರಿಸುತ್ತ ಹೋಗಬಹುದು. ನನಗೆ ಒಪ್ಪಿಗೆಯಾಗುವ ಕಾರಣ ಇದು.

ಚಿಮಣಿ ಇಲ್ಲದ ಮನೆ ಹೇಗಿತ್ತು ಎಂದು ತಿಳಿಯಲು ಕಾರ್ಡಿಫ್ ಬಳಿಯ ಸೇಂಟ್ ಫೇಗನ್ಸ್ ವಸ್ತುಸಂಗ್ರಹಾಲಯಕ್ಕೆ ಹೋಗಬೇಕು. 1508ರ ಮರದ ಚೌಕಟ್ಟಿನ ರೈತಮನೆಯೊಂದನ್ನು ಬಿಚ್ಚಿ ತಂದು ಅಲ್ಲಿ ಮತ್ತೆ ನಿಲ್ಲಿಸಿದ್ದಾರೆ. ಒಲೆ ನಡುಮನೆಯ ನೆಲದ ಮೇಲೆ. ಹೊಗೆ ಜಂತಿಗಳಿಗೆ ಮಸಿ ಬಳಿದು, ಸಂದಿ ಸಿಕ್ಕಲ್ಲಿ ಹೊರಬೀಳಬೇಕು. ಅಂಥ ಮನೆಗೆ ಮಹಡಿ ಹಾಕಿದರೆ ಮೇಲೆ ಮಲಗಿದವರು ಕೆಮ್ಮಿ ಕೆಮ್ಮಿ ಸುಸ್ತು. ಹೊಗೆ ಕಲ್ಲಿನ ಕೊಳವೆಯೊಳಗೆ ಸೇರಿದ ಮೇಲೆಯೇ ಒಲೆಯ ನೆತ್ತಿಯ ಜಾಗ ಕೋಣೆಯಾಯಿತು. ಟೆನ್ಬಿಯ ವರ್ತಕನ ಮನೆಗೆ ಮೂರು ಅಂತಸ್ತು.

ನಾನಂತೂ ಇದನ್ನು ದುಂಡು ಚಿಮಣಿ ಎಂದೇ ಕರೆಯುತ್ತೇನೆ. ನೀವು ಆ ಕಡೆ ಹೋದರೆ ಮಾತ್ರ ‘ಫ್ಲೆಮಿಷ್ ಚಿಮಣಿ ಎಲ್ಲಿ’ ಎಂದೇ ಕೇಳಿ. ಇಲ್ಲದಿದ್ದರೆ ದಾರಿ ತೋರಿಸುವವರು ಸಿಗಲಿಕ್ಕಿಲ್ಲ.

ನಮಸ್ಕಾರ.